ಎಳೆಯರ ಬಿಡುವು ಮತ್ತು ನಮ್ಮ ಊರು

ಶಾಲೆಗೆ ರಜೆ ಬಂದೊಡನೆ ಎಳೆಯ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು? ಇವರಿಂದ ಏನನ್ನು ಮಾಡಿಸಬೇಕು? ದೊಡ್ಡ ನಗರಗಳಲ್ಲಿ ಮೃಗಾಲಯಗಳಿವೆ, ವಸ್ತುಸಂಗ್ರಹಾಲಯಗಳಿವೆ. ಕಾಸರಗೋಡಿನಂತಹ ಸಣ್ಣ ಊರಿನಲ್ಲಿ ಏನಿದೆ ಎಂದು ಹಿರಿಯರು ಕೈಚೆಲ್ಲುವುದುಂಟು. ಹಿರಿಯರು ಕೈಚೆಲ್ಲಿದಲ್ಲಿ ಮಗುವಿನ ಕೈಗೆ ಮೊಬೈಲು ಬರುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳೊಡನೆ, ಹೆಚ್ಚಿನ ವೆಚ್ಚವಿಲ್ಲದೆ, ಮನೆಮಂದಿಯೆಲ್ಲ ಕೂಡಿ ನಮ್ಮ ಊರಿನಲ್ಲಿಯೇ ಮಾಡಬಹುದಾದುದು ಏನೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇದು ಕೇವಲ ಹೊತ್ತು ಕಳೆಯುವ ಮಾತಲ್ಲ. ೧೯೫೬ನೆಯ ಇಸವಿ ನವೆಂಬರ್ ೧ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಇಲ್ಲಿಯ ಮನೆಗಳಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲೆಯಾಳ, ಹವ್ಯಕರ ಕನ್ನಡ ಹೀಗೆ ಹಲವು ನುಡಿಗಳು ನಡೆಯುತ್ತವೆ. ಅಂಗಡಿಯಲ್ಲಿಯೂ ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಹೆಚ್ಚಾಗಿ ಕೇಳಿಬರುವುದು ಮಲೆಯಾಳ. ಆದುದರಿಂದ ಎಷ್ಟೋ ಮಕ್ಕಳಿಗೆ ಕನ್ನಡವು ಶಾಲೆಯ ಪುಸ್ತಕದಲ್ಲಿ ಮಾತ್ರ ದೊರೆಯುವ ವಸ್ತುವಾಗಿದೆ. ಪುಸ್ತಕದಲ್ಲಿ ಮಾತ್ರ ಕಂಡ ನುಡಿಯನ್ನು ಮಗುವು ಪರೀಕ್ಷೆಯ ನುಡಿಯೆಂದೇ ತಿಳಿಯುತ್ತದೆ. ಪರೀಕ್ಷೆ ಮುಗಿದೊಡನೆ ಅದನ್ನು ಮರೆಯುತ್ತದೆ. ಕೈಯಿಂದ ಮುಟ್ಟಿದ, ಕಣ್ಣಿನಿಂದ ಕಂಡ ವಸ್ತುವಿನೊಡನೆ ಕಲಿತ ಪದವಾದರೋ ಮುಪ್ಪಿನವರೆಗೂ ಉಳಿಯುತ್ತದೆ. ಅಂತಹ ಪದಗಳನ್ನು ಕಲಿಸಲು ಮನೆಯವರೊಡನೆ ಕಳೆಯುವ ಬಿಡುವಿಗಿಂತ ಒಳ್ಳೆಯ ಕಾಲ ಬೇರಿಲ್ಲ.

ನೆರೆಯ ನುಡಿಗಳನ್ನು ದೂರವಿಡಬೇಕೆಂದು ಇದರ ಅರ್ಥವಲ್ಲ. ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩) ಅನೇಕ ಭಾಷೆಗಳನ್ನು ಬಲ್ಲವರಾಗಿದ್ದರು; ಕನ್ನಡದಲ್ಲಿ ಬರೆದು, ೧೯೪೯ರಲ್ಲಿ ಅಂದಿನ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವಕ್ಕೆ ಪಾತ್ರರಾದರು. ಹಲವು ನುಡಿಗಳು ಕಿವಿಗೆ ಬೀಳುವುದು ಗಡಿನಾಡಿನ ಮಗುವಿನ ಭಾಗ್ಯವೇ ಸರಿ. ಆ ಹಲವುಗಳ ನಡುವೆ ಕನ್ನಡಕ್ಕೂ ನೆಲೆಯಾಗಬೇಕೆಂಬುದಷ್ಟೇ ನಮ್ಮ ಮಾತು.

೧. ಮನೆಯಂಗಳದಲ್ಲಿ

ಮೊದಲಿಗೆ ಅಂಗಳವನ್ನೇ ನೋಡೋಣ. ಅಡಕೆಯ ತೋಟದಲ್ಲಿ ಬಿದ್ದ ಹಾಳೆಯೊಂದಿದ್ದರೆ ಮಗುವಿಗೆ ಬಂಡಿಯಾಯಿತು. ಮಗುವನ್ನು ಹಾಳೆಯ ಅಗಲವಾದ ಭಾಗದಲ್ಲಿ ಕುಳ್ಳಿರಿಸಿ, ಸೋಗೆಯ ತುದಿಯನ್ನು ಹಿಡಿದು ಅಣ್ಣನೋ ಅಕ್ಕನೋ ಎಳೆದರೆ ಆಗುವ ಆನಂದವು ಯಾವ ಬೆಲೆಯ ಆಟಿಕೆಯಿಂದಲೂ ಆಗದು. ತೆಂಗಿನ ಗರಿಯಿಂದ ಪೀಪಿ, ಹಾವು, ಕೈಗಡಿಯಾರಗಳನ್ನು ಮಾಡುವುದು ಅಜ್ಜಂದಿರಿಗೆ ಗೊತ್ತು. ಅಜ್ಜ ಮಾಡಿಕೊಟ್ಟು ಸುಮ್ಮನಾಗದೆ, ಮಗುವಿನ ಕೈಯಿಂದಲೇ ಒಂದು ಮಡಿಕೆಯನ್ನಾದರೂ ಹಾಕಿಸಬೇಕು. ಗರಿ, ಕಡ್ಡಿ, ಮಡಲು, ಚಿಪ್ಪು, ನಾರು ಎಂಬ ಮಾತುಗಳು ಆಗ ತಾವಾಗಿಯೇ ಬಾಯಿಗೆ ಬರುತ್ತವೆ.

ಹಲಸು ಬೆಳೆಯುವ ಬೇಸಗೆಯಲ್ಲಿ ಹಪ್ಪಳ ಮಾಡುವ ದಿನವು ಎಳೆಯರಿಗೆ ಹಬ್ಬದ ದಿನ. ಬಲಿತ ಕಾಯಿಯ ತೊಳೆಗಳನ್ನು ಹಿರಿಯರು ಬೇಯಿಸಿ, ಉಪ್ಪು ಮೆಣಸು ಸೇರಿಸಿ ಕುಟ್ಟಿ ಹಿಟ್ಟು ಮಾಡಿಕೊಡುತ್ತಾರೆ. ಹಿಟ್ಟನ್ನು ಉಂಡೆ ಕಟ್ಟುವುದು, ಒತ್ತಿದ ಹಪ್ಪಳವನ್ನು ಚಾಪೆಯ ಮೇಲೆ ಸಾಲಾಗಿ ಹರಡುವುದು, ಕಾಗೆಯನ್ನು ಓಡಿಸುವುದು, ಇವು ಐದು ವರ್ಷದ ಮಗುವಿಗೂ ಸಾಧ್ಯವಾದ ಕೆಲಸಗಳು. ಹಪ್ಪಳಗಳನ್ನು ಹತ್ತರ ಸಾಲಿನಲ್ಲಿ ಹರಡಿಸಿದರೆ ಎಣಿಕೆಯ ಪಾಠವೂ ಅಲ್ಲಿಯೇ ಆಗುತ್ತದೆ. ತಾನು ಒತ್ತಿದ ಹಪ್ಪಳವನ್ನು ಮಳೆಗಾಲದಲ್ಲಿ ಸುಟ್ಟು ತಿನ್ನುವಾಗ, ದುಡಿಮೆಯ ಫಲವು ಕಾದು ಪಡೆಯತಕ್ಕದ್ದೆಂಬುದನ್ನು ಮಗುವು ತಿಳಿಯುತ್ತದೆ.

ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಆಗ ಅಟ್ಟದ ಮೇಲಿನ ಚೆನ್ನೆಮಣೆಯನ್ನು ಕೆಳಗಿಳಿಸಬೇಕು. ಸಾಲಿಗೆ ಏಳರಂತೆ ಎರಡು ಸಾಲುಗಳಲ್ಲಿ ೧೪ ಗುಳಿಗಳು. ಗುಳಿಗೆ ನಾಲ್ಕರಂತೆ ೫೬ ಕಾಳುಗಳು. ಒಂದು ಗುಳಿಯ ಕಾಳುಗಳನ್ನು ತೆಗೆದು ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗುವುದೇ ಈ ಆಟದ ಮೂಲ. ಎಳೆಯರಿಗೆ ಅಷ್ಟೇ ಸಾಕು. ಗೆಲ್ಲುವ ಉಪಾಯಗಳು ಬೆಳೆದ ಮೇಲೆ ಬರುತ್ತವೆ. ಮಣೆಯಿಲ್ಲದವರು ನೆಲದ ಮೇಲೆ ಸೀಮೆಸುಣ್ಣದಿಂದ ೧೪ ಮನೆಗಳನ್ನು ಬರೆದು, ಹುಣಸೆಯ ಬೀಜಗಳಿಂದ ಆಡಬಹುದು. ತೀರ ಚಿಕ್ಕ ಮಕ್ಕಳು ಬೀಜಗಳನ್ನು ಬಾಯಿಗೆ ಹಾಕದಂತೆ ಒಬ್ಬರು ಹತ್ತಿರವೇ ಇರತಕ್ಕದ್ದು.

೨. ಊರಿನ ಸುತ್ತ

ಇನ್ನು ಮನೆಯಿಂದ ಹೊರಗೆ ಹೊರಡೋಣ. ಕಾಸರಗೋಡಿನ ದಕ್ಷಿಣದಲ್ಲಿ ಕಡಲಿಗೆ ತಾಗಿ ಬೇಕಲದ ಕೋಟೆಯಿದೆ. ಇದನ್ನು ಸುಮಾರು ೧೬೫೦ರಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆನ್ನುತ್ತಾರೆ. ಆರು ವರ್ಷದ ಮಗುವಿಗೆ ಇಸವಿಯಿಂದ ಪ್ರಯೋಜನವಿಲ್ಲ. ಅದಕ್ಕೆ ಗೋಡೆಯ ಕಿಂಡಿಗಳನ್ನು ತೋರಿಸಿರಿ. ದೂರದ ವೈರಿಗೆ ಗುರಿಯಿಡಲು ಮೇಲಿನ ಕಿಂಡಿ, ಹತ್ತಿರ ಬಂದವನಿಗೆ ಅದರ ಕೆಳಗಿನ ಕಿಂಡಿ, ಗೋಡೆಯ ಬುಡಕ್ಕೇ ಬಂದವನಿಗೆ ಎಲ್ಲಕ್ಕಿಂತ ಕೆಳಗಿನದು. ಪ್ರತಿಯೊಂದರಲ್ಲಿಯೂ ಕಣ್ಣಿಟ್ಟು ಏನು ಕಾಣುತ್ತದೆಂದು ಮಗುವೇ ಹೇಳಲಿ. ಆ ಮೇಲೆ ಕೋಟೆಯ ಕೆಂಪು ಮುರಕಲ್ಲನ್ನು ಮುಟ್ಟಿಸಿ, ತಮ್ಮ ಮನೆಯ ಗೋಡೆಯೂ ಬಾವಿಯ ಕಟ್ಟೆಯೂ ಇದೇ ಕಲ್ಲಿನವಲ್ಲವೇ ಎಂದು ಕೇಳಿರಿ. ಅರಸನ ಕೋಟೆಗೂ ತನ್ನ ಮನೆಗೂ ನಂಟು ಬೆಳೆದಾಗ ಇತಿಹಾಸದ ಮೊದಲ ಪಾಠವಾಯಿತು.

ಕುಂಬಳೆಯ ಬಳಿಯ ಅನಂತಪುರದಲ್ಲಿ ಸರೋವರದ ನಡುವೆ ದೇವಾಲಯವಿದೆ. ಅಲ್ಲಿ ಬಬಿಯಾ ಎಂಬ ಮೊಸಳೆಯು ಬಹುಕಾಲ ಬಾಳಿ, ೨೦೨೨ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ತೀರಿಕೊಂಡಿತು. ಅದರ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿ ವಿರಳ. ಮಧೂರಿನ ದೇವಾಲಯದ ಮಾಡು ಆನೆಯ ಬೆನ್ನಿನಂತೆ ದುಂಡಾಗಿದೆ. ಅದನ್ನು ಗಜಪೃಷ್ಠವೆಂದು ಕರೆಯುತ್ತಾರೆ. ಹೆಸರನ್ನು ಮೊದಲು ಹೇಳದೆ, ‘ಇದು ಯಾವ ಪ್ರಾಣಿಯ ಬೆನ್ನಿನ ಹಾಗಿದೆ?’ ಎಂದು ಕೇಳಿ ನೋಡಿರಿ. ಮಗುವು ತಾನಾಗಿ ಕಂಡುಕೊಂಡ ಉತ್ತರವನ್ನು ಎಂದೂ ಮರೆಯದು.

ಗುಡ್ಡದ ಬದಿಯ ತೋಟಗಳಲ್ಲಿ ಸುರಂಗಗಳನ್ನು ಕಾಣಬಹುದು. ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಈ ದಾರಿಯಿಂದ ನೀರು ಯಾವ ಯಂತ್ರದ ನೆರವೂ ಇಲ್ಲದೆ ತಾನಾಗಿ ಹರಿದುಬರುತ್ತದೆ. ಯಜಮಾನರ ಅಪ್ಪಣೆ ಪಡೆದು, ಬಾಯಿಯ ಬಳಿ ನಿಂತು ನೋಡಬೇಕು. ಮಕ್ಕಳನ್ನು ಒಳಗೆ ಬಿಡಕೂಡದು. ಮನೆಯ ನಲ್ಲಿಯ ನೀರಿನ ಹಿಂದೆ ಮನುಷ್ಯನ ಇಷ್ಟೊಂದು ಶ್ರಮವಿರಬಹುದೆಂಬುದನ್ನು ಕಂಡ ಮಗುವು ನೀರನ್ನು ಸುಮ್ಮನೆ ಚೆಲ್ಲದು.

೩. ಸಂಜೆಯ ಹೊತ್ತು

ದೀಪಾವಳಿಯ ವೇಳೆಯಿಂದ ಪತ್ತನಾಜೆಯವರೆಗೆ ನಮ್ಮಲ್ಲಿ ಯಕ್ಷಗಾನದ ಕಾಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಳೆದ ತೆಂಕುತಿಟ್ಟಿನ ಆಟವು ಮಕ್ಕಳಿಗೆ ಎರಡು ಬಗೆಯಿಂದ ಉಪಕಾರಿ. ಕಿರೀಟ, ಬಣ್ಣ, ಚೆಂಡೆಯ ನಾದಗಳು ಅವರ ಮನಸ್ಸನ್ನು ಸೆಳೆಯುತ್ತವೆ. ಅರ್ಥಗಾರಿಕೆಯು ಇಂಗ್ಲಿಷಿನ ಬೆರಕೆಯಿಲ್ಲದ ಕನ್ನಡವನ್ನು ಕಿವಿಗೆ ತುಂಬುತ್ತದೆ. ಕಥೆಯನ್ನು ಅಂದು ಮಧ್ಯಾಹ್ನವೇ ಮನೆಯಲ್ಲಿ ಹೇಳಿ ಕರೆದೊಯ್ಯಬೇಕು. ಆಗ ಮಗುವು ‘ಇವನೇ ಹನುಮಂತ’ ಎಂದು ಗುರುತಿಸಿ ಹಿಗ್ಗುತ್ತದೆ. ನಿದ್ದೆ ಬಂದೊಡನೆ ಮನೆಗೆ ಹಿಂದಿರುಗಿರಿ; ಆಟವನ್ನು ಪೂರ್ತಿ ನೋಡಲೇಬೇಕೆಂಬ ಹಟ ಎಳೆಯರ ವಿಷಯದಲ್ಲಿ ಸಲ್ಲದು.

೪. ಹಿರಿಯರು ನೆನಪಿಡತಕ್ಕ ವಿಷಯಗಳು

ಒಂದು ದಿನಕ್ಕೆ ಒಂದೇ ಸ್ಥಳ ಸಾಕು. ಮೂರು ಕಡೆ ಓಡಾಡಿಸಿದರೆ ಮಗುವಿಗೆ ಉಳಿಯುವುದು ಆಯಾಸ ಮಾತ್ರ. ಬೆಳಗಿನ ಅಥವಾ ಇಳಿಹೊತ್ತಿನ ವೇಳೆಯೇ ತಕ್ಕದ್ದು. ಮಳೆಗಾಲದಲ್ಲಿ ಕಡಲಿಗೂ ಚಂದ್ರಗಿರಿ ಹೊಳೆಗೂ ಮಕ್ಕಳನ್ನು ಇಳಿಸಕೂಡದು. ದಡದಿಂದಲೇ ನೋಡಿ ಹಿಂದಿರುಗಬೇಕು. ಹೊರಟಲ್ಲಿ ತಂದೆತಾಯಿಗಳು ತಮ್ಮ ಮೊಬೈಲನ್ನು ಚೀಲದಲ್ಲಿಡಲಿ. ಮಗುವಿನ ಪ್ರಶ್ನೆಯ ಹೊತ್ತಿಗೆ ಹಿರಿಯರ ಕಣ್ಣು ಬೇರೆಡೆ ಇದ್ದರೆ, ಎರಡನೆಯ ಪ್ರಶ್ನೆ ಹುಟ್ಟುವುದಿಲ್ಲ.

ಮನೆಯಲ್ಲಿ ಕನ್ನಡವಾಡದ ತಂದೆತಾಯಿಗಳು ಇದರಿಂದ ಅಂಜಬೇಕಾಗಿಲ್ಲ. ನಿಮಗೆ ತಿಳಿದ ನುಡಿಯಲ್ಲಿ ತೋರಿಸಿರಿ, ಹೇಳಿರಿ. ಮನೆಗೆ ಬಂದ ಮೇಲೆ ಮಗುವು ಕಂಡುದನ್ನು ಕನ್ನಡದಲ್ಲಿ ನಿಮಗೆ ಹೇಳಲಿ, ನೀವು ಕೇಳುವವರಾಗಿರಿ. ತಾನು ತಾಯಿಗೆ ಕಲಿಸುತ್ತಿರುವೆನೆಂಬ ಹೆಮ್ಮೆಯು ಮಗುವಿನ ನಾಲಗೆಯನ್ನು ಚೆನ್ನಾಗಿ ತಿದ್ದುತ್ತದೆ.

೫. ವಿದ್ಯಾರ್ಥಿಗಳಿಗೆ ಕೆಲಸ

ಮೇಲಿನ ತರಗತಿಗಳ ವಿದ್ಯಾರ್ಥಿಗಳೇ, ತಂದೆತಾಯಿಗಳಿಗೆ ಬಿಡುವಿಲ್ಲದ ಮನೆಗಳಲ್ಲಿ ಈ ಹೊಣೆ ನಿಮ್ಮದು. ಮುಂದಿನ ರಜೆಯಲ್ಲಿ ಇವುಗಳನ್ನು ಮಾಡಿರಿ:

(ಅ) ತಮ್ಮನನ್ನೋ ತಂಗಿಯನ್ನೋ ಪೇಟೆಯ ಒಂದು ಬೀದಿಗೆ ಕರೆದೊಯ್ದು, ಅಂಗಡಿಗಳ ಹಲಗೆಗಳ ಮೇಲೆ ಎಷ್ಟು ಬಗೆಯ ಲಿಪಿಗಳಿವೆಯೆಂದು ಎಣಿಸಿರಿ. ಕನ್ನಡದ ಅಕ್ಷರ ಕಂಡಲ್ಲಿ ಚಿಕ್ಕವರಿಂದಲೇ ಓದಿಸಿರಿ.

(ಆ) ತೆಂಗಿನ ಮರದ ಭಾಗಗಳಿಗೆ ಅಜ್ಜಿಯು ಹೇಳುವ ಹೆಸರುಗಳನ್ನು ಪಟ್ಟಿಮಾಡಿ, ಅವುಗಳ ಕನ್ನಡ, ತುಳು, ಮಲೆಯಾಳ ರೂಪಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ.

(ಇ) ಚೆನ್ನೆಮಣೆಯ ಆಟವನ್ನು ಬಲ್ಲ ಹಿರಿಯರಿಂದ ಅದರ ನಿಯಮಗಳನ್ನು ಕೇಳಿ ಬರೆದುಕೊಳ್ಳಿರಿ. ಮನೆಯಿಂದ ಮನೆಗೆ ನಿಯಮಗಳು ಬೇರೆಯಾಗಿದ್ದರೆ ಅದನ್ನೂ ಗುರುತಿಸಿರಿ.

(ಈ) ರಜೆ ಮುಗಿದ ಮೇಲೆ ಚಿಕ್ಕವರು ಹೇಳಿದ ಕಥೆಯೊಂದನ್ನು, ಅವರ ಮಾತಿನಲ್ಲಿಯೇ, ತಿದ್ದದೆ ಬರೆದು ತರಗತಿಯ ಅಧ್ಯಾಪಕರಿಗೆ ಒಪ್ಪಿಸಿರಿ.