ಮಗುವನ್ನು ಸೋಮಾರಿ ಎನ್ನುವ ಮೊದಲು



ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮ್ಮ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡ, ಶಾಲೆಯ ಪಾಠ ತೆಲುಗು ಇಲ್ಲವೆ ಇಂಗ್ಲಿಷ್. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ‘ಸೋಮಾರಿ’, ‘ದಡ್ಡ’ ಎಂಬ ಹೆಸರು ಬೇಗ ಅಂಟಿಬಿಡುತ್ತದೆ. ಕಡಲೆಕಾಯಿ ಗಿಡ ಬಾಡಿದರೆ ನಾವು ಗಿಡವನ್ನು ಬೈಯುವುದಿಲ್ಲ. ನೀರು ಸಾಲದೋ, ಬೇರಿಗೆ ಹುಳು ಬಿದ್ದಿದೆಯೋ ಎಂದು ನೋಡುತ್ತೇವೆ. ಮಕ್ಕಳ ವಿಷಯದಲ್ಲಿಯೂ ಹಾಗೆಯೇ ಕಾರಣ ಹುಡುಕಬೇಕು.

ಮೊದಲನೆಯದು ದೇಹ. ಬೋರ್ಡು ಕಾಣದ, ಮೇಷ್ಟರ ಮಾತು ಕೇಳಿಸದ ಮಗು ಪಾಠದಲ್ಲಿ ಮನಸ್ಸಿಡಲಾರದು. ರಕ್ತಹೀನತೆ, ನಿದ್ದೆಗೇಡುಗಳಿಂದಲೂ ಮಂಕು ಕವಿಯುತ್ತದೆ. ಕಣ್ಣು, ಕಿವಿ, ರಕ್ತ ಪರೀಕ್ಷೆ ಮಾಡಿಸಿರಿ.

ಎರಡನೆಯದು ಭಾಷೆ. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪದೆ ಹೇಳುವ ಮಗು ತರಗತಿಯಲ್ಲಿ ಮಾತ್ರ ಮೂಕವಾದರೆ, ಪಾಠದ ಭಾಷೆ ತಿಳಿಯದಿರುವುದೇ ಕಾರಣವಿರಬಹುದು. ಎಷ್ಟು ಕಲಿಸಿದರೂ ಕನ್ನಡ, ತೆಲುಗು ಎರಡರಲ್ಲಿಯೂ ಅಕ್ಷರ ಕೂಡಿಸಿ ಓದಲಾಗದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. ಬುದ್ಧಿಯುಳ್ಳ ಮಕ್ಕಳಿಗೂ ಅದು ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೂ ಸ್ಥಾನವಿದೆ.

ಮೂರನೆಯದು ಗಮನದ ಕೊರತೆ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಕೂತಲ್ಲಿ ಕೂರದಿರುವುದು, ಹಿಡಿದ ಕೆಲಸ ಮುಗಿಸದಿರುವುದು, ವಸ್ತುಗಳನ್ನು ಕಳೆಯುವುದು ಇದರ ಲಕ್ಷಣಗಳು. ಇವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಮನೆ, ಶಾಲೆ ಎರಡೂ ಕಡೆ 6 ತಿಂಗಳು ಮುಂದುವರಿದಿದ್ದರೆ ಮಾತ್ರ ಸಂಶಯಪಡಬೇಕು. ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದು, ತಾಯಿಯ ಮುದ್ದಿನಿಂದ ಬಂದದ್ದಲ್ಲ. ಹೊಡೆತದಿಂದ ಹೋಗುವುದೂ ಇಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ, ಮಾಡಿದೊಡನೆ ಮೆಚ್ಚಿರಿ, ಮುಂದಿನ ಸಾಲಿನಲ್ಲಿ ಕೂರಿಸಲು ಮೇಷ್ಟರನ್ನು ಕೇಳಿರಿ. ಔಷಧ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಬೇಕು.

ನಾಲ್ಕನೆಯದು ಖಿನ್ನತೆ. ದಿನವೂ ಬೈಗುಳ ತಿಂದ ಮಗು ‘ನಾನು ಯಾವುದಕ್ಕೂ ಬಾರದವನು’ ಎಂದು ನಂಬಿಬಿಡುತ್ತದೆ. ಚಿಕ್ಕವರು ದುಃಖವನ್ನು ಬಾಯಿಬಿಟ್ಟು ಹೇಳಲಾರರು. ಸಿಡುಕು, ಹೊಟ್ಟೆನೋವು, ಆಟದ ಬೇಸರ, ಊಟ ನಿದ್ದೆಗಳ ಏರುಪೇರು ಇವೇ ಅವರ ಭಾಷೆ. ಇವು 2 ವಾರ ಬಿಡದೆ ಇದ್ದರೆ ಉದಾಸೀನ ಬೇಡ. ಮಗು ಸಾವಿನ ಮಾತಾಡಿದರೆ ನಾಟಕವೆನ್ನದೆ, ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಳೆಗೆ ಹೊಡೆಯುವ ಔಷಧವನ್ನು ಯಾವಾಗಲೂ ಬೀಗದಲ್ಲಿಡಿರಿ.

ಸಹಾಯ ದೂರವಿಲ್ಲ. ಅಕ್ಟೋಬರ್ 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಫೋನ್ ಮಾಡಬಹುದು. ಹಗಲಿರುಳೂ ಉಚಿತ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಹಿಂದೂಪುರದಿಂದ ರೈಲಿನಲ್ಲಿಯೇ ಹೋಗಬಹುದು. ‘ಹುಚ್ಚಿನ ಆಸ್ಪತ್ರೆ’ ಎಂಬ ಅಳುಕಿನಿಂದ ವರ್ಷಗಳನ್ನು ಕಳೆಯಬೇಡಿರಿ.

ಇಂದು ರಾತ್ರಿ ಅಂಕಪಟ್ಟಿಯನ್ನು ಬದಿಗಿಟ್ಟು, ‘ನಿನಗೆ ಏನು ಕಷ್ಟ ಆಗ್ತಿದೆ ಕಂದ?’ ಎಂದು ಕೇಳಿರಿ. ಉತ್ತರ ಬರಲು ತಡವಾದರೂ ಕಾಯಿರಿ.