ತಟ್ಟೆಯ ಬೆನ್ನಿನ ಎರಡು ಮುದ್ರೆ

ಪಿಂಗಾಣಿಯ ಬಗ್ಗೆ ಈಗಷ್ಟೇ ತಿಳಿಯಹೊರಟಿದ್ದೀರಾ? ಹಾಗಾದರೆ ತಟ್ಟೆಯನ್ನು ಮೊದಲು ಮಗುಚಿ ನೋಡಿ. ಫ್ರಾನ್ಸಿನಲ್ಲಿ ಪಿಂಗಾಣಿ ಮಾಡಿಸಿದ ಹಾವಿಲ್ಯಾಂಡ್ ಮನೆತನದ ಹಳೆಯ ತಟ್ಟೆಯಾದರೆ ಬೆನ್ನಲ್ಲಿ ಸಾಮಾನ್ಯವಾಗಿ ಎರಡು ಮುದ್ರೆಗಳಿರುತ್ತವೆ. ಹಸಿರು ಮುದ್ರೆ ಮೆರುಗಿನ, ಅಂದರೆ ಗಾಜಿನಂಥ ಹೊದಿಕೆಯ, ಅಡಿಯಲ್ಲಿದೆ, ಅದು ಬಿಳಿ ತಟ್ಟೆ ಮಾಡಿದವರದು. ಇನ್ನೊಂದು ಮೆರುಗಿನ ಮೇಲಿದೆ, ಅದು ಚಿತ್ರ ಬರೆದವರದು.

ಎರಡೇಕೆ ಬೇಕಾಯಿತು? ಕೇಯೊಲಿನ್ ಎಂಬ ಬಿಳಿ ಜೇಡಿಗೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ ಬೆರೆಸಿ ತಟ್ಟೆ ಮಾಡುತ್ತಾರೆ. ಒಮ್ಮೆ ಹದವಾಗಿ ಸುಟ್ಟು, ಮೆರುಗಿನ ದ್ರಾವಣದಲ್ಲಿ ಅದ್ದಿ, ಮತ್ತೆ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸುತ್ತಾರೆ. ಆಗ ಫೆಲ್ಡ್‌ಸ್ಪಾರ್ ಕರಗಿ ಸಂದುಗಳನ್ನೆಲ್ಲ ತುಂಬುತ್ತದೆ. ಅದಕ್ಕೇ ತೆಳುವಾದ ಪಿಂಗಾಣಿಯನ್ನು ದೀಪಕ್ಕೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣುತ್ತದೆ. ಆ ಕಾವನ್ನು ಹೆಚ್ಚಿನ ಬಣ್ಣಗಳು ತಾಳವು. ಹಾಗಾಗಿ ಮೆರುಗಿನ ಮೇಲೆ ಚಿತ್ರ ಬರೆದು, ಇನ್ನೊಮ್ಮೆ ಕಡಿಮೆ ಕಾವಿನಲ್ಲಿ ಸುಡಬೇಕು. ಹೀಗೆ ಚಿತ್ರದ ಕೆಲಸವೇ ಬೇರೆಯಾಯಿತು. ಎಷ್ಟೋ ಬಿಳಿ ತಟ್ಟೆಗಳು ಬಣ್ಣಕ್ಕಾಗಿ ಪ್ಯಾರಿಸ್ಸಿಗೆ ಹೋಗುತ್ತಿದ್ದವು.

ಹೀಗೆ ಬೇರೆಯಾದ ಎರಡು ಕೆಲಸಗಳನ್ನು ಒಂದೆಡೆ ತಂದವರು ಡೇವಿಡ್ ಹಾವಿಲ್ಯಾಂಡ್ ಎಂಬ ನ್ಯೂಯಾರ್ಕಿನ ಪಿಂಗಾಣಿ ವ್ಯಾಪಾರಿ. 1840ರ ದಶಕದಲ್ಲಿ ಅವರು ಫ್ರಾನ್ಸಿನ ಲಿಮೋಜ್‌ನಲ್ಲಿ ನೆಲೆಸಿದರು. ಅಲ್ಲಿಗೆ ಹತ್ತಿರದ ಸೇಂತ್-ಇರಿಯೆಯಲ್ಲಿ 1760ರ ದಶಕದಲ್ಲೇ ಕೇಯೊಲಿನ್ ಸಿಕ್ಕಿತ್ತು, ಊರಿನಲ್ಲಿ ಕಾರ್ಖಾನೆಗಳೂ ಇದ್ದವು. ಡೇವಿಡ್ ಅಮೆರಿಕದ ಗಿರಾಕಿಗಳ ರುಚಿಗೆ ಒಗ್ಗುವ ಆಕಾರಗಳನ್ನು ಅಲ್ಲಿ ಮಾಡಿಸಿದರು, ಚಿತ್ರ ಬರೆಯುವ ಕಾರ್ಯಾಗಾರವನ್ನು ಲಿಮೋಜ್‌ನಲ್ಲೇ ತೆರೆದರು. ಮುಂದೆ ಬಿಳಿ ತಟ್ಟೆಯನ್ನೂ ತಾವೇ ಮಾಡತೊಡಗಿದರು. ಮಣ್ಣು ಕಲಸುವುದರಿಂದ ಹಿಡಿದು ಹಡಗಿಗೆ ಏರಿಸುವವರೆಗೆ ಎಲ್ಲವೂ ಒಂದೇ ಮನೆತನದ ಕೈಗೆ ಬಂತು. ಅವರ ದೊಡ್ಡ ಸಾಧನೆ ಇದೇ ಎಂದು ನನ್ನ ಎಣಿಕೆ.

ಇದರ ಫಲವನ್ನು ಶ್ವೇತಭವನದ ಎರಡು ಊಟದ ಸೆಟ್ಟುಗಳಲ್ಲಿ ಕಾಣಬಹುದು. 1861ರಲ್ಲಿ ಲಿಂಕನ್ ದಂಪತಿಗೆ ಹೋದ ಸೆಟ್ಟಿನಲ್ಲಿ ತಟ್ಟೆ ಹಾವಿಲ್ಯಾಂಡರದು, ನೇರಳೆ ಅಂಚು ಮತ್ತು ಹದ್ದಿನ ಚಿತ್ರ ಮಾತ್ರ ನ್ಯೂಯಾರ್ಕಿನ ಅಂಗಡಿಯೊಂದರದು. 1879ರಲ್ಲಿ ಅಧ್ಯಕ್ಷ ಹೇಯ್ಸ್ ಅವರ ಪತ್ನಿ ಲೂಸಿ ತರಿಸಿದ ಸೆಟ್ಟು ಹಾಗಲ್ಲ. ಕಲಾವಿದ ಥಿಯೊಡೋರ್ ಡೇವಿಸ್ ಅಮೆರಿಕದ ಕಾಡು ಟರ್ಕಿಕೋಳಿ, ಕಾಡೆಮ್ಮೆ, ಮೀನು, ಗಿಡಬಳ್ಳಿಗಳನ್ನು ಬರೆದುಕೊಟ್ಟರು, ಲಿಮೋಜ್‌ನಲ್ಲಿ ಅವೆಲ್ಲ ತಟ್ಟೆಗೆ ಇಳಿದವು. ಐಸ್‌ಕ್ರೀಮಿನ ತಟ್ಟೆಯಂತೂ ಹಿಮದ ಮೇಲೆ ನಡೆಯಲು ತೊಡುವ ಹೆಣೆದ ಪಾದರಕ್ಷೆಯ ಆಕಾರದ್ದು! ಇಷ್ಟು ಧೈರ್ಯದ ಸೆಟ್ಟು ಶ್ವೇತಭವನಕ್ಕೆ ಮತ್ತೊಂದು ಬರಲಿಲ್ಲ ಎನ್ನುತ್ತೇನೆ.

ಡೇವಿಡ್ ನಂತರ ಮಕ್ಕಳಾದ ಚಾರ್ಲ್ಸ್ ಮತ್ತು ಥಿಯೊಡೋರ್ ಬೇರೆಯಾದರು. 1890ರ ದಶಕದ ಮೊದಲಲ್ಲಿ ಥಿಯೊಡೋರ್ ತಮ್ಮದೇ ಕಾರ್ಖಾನೆ ಹೂಡಿದರು. ಅವರ ಮಗ ವಿಲಿಯಂ 1941ರಲ್ಲಿ ಹಳೆಯ ಕಂಪನಿಯ ಹಕ್ಕುಗಳನ್ನು ಕೊಂಡು ಎರಡು ಶಾಖೆಗಳನ್ನೂ ಕೂಡಿಸಿದರು.

ಈಗ ಮತ್ತೆ ಮುದ್ರೆ ಓದಿ. ಥಿಯೊಡೋರ್ ಹೆಸರಿದ್ದರೆ ತಟ್ಟೆ ಈ ಒಡಕಿನ ನಂತರದ್ದು. ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂತು. ‘ಫ್ರಾನ್ಸ್’ ಎಂಬ ಪದವೇ ಇಲ್ಲದ ತಟ್ಟೆ ಬಹುಮಟ್ಟಿಗೆ ಅದಕ್ಕೂ ಹಳೆಯದು.