ಸರ್ಪಗಂಧದ ಬೇರು ಮತ್ತು ಅದರ ಔಷಧಸತ್ವ

ಸರ್ಪಗಂಧವು ಮಲೆನಾಡಿನ ಕಾಡುಗಳಲ್ಲಿ ಮರಗಳ ನೆರಳನ್ನು ಆಶ್ರಯಿಸಿ ಬೆಳೆಯುವ ಚಿಕ್ಕ ಗಿಡ. ಎತ್ತರವು ಒಂದೂವರೆಯಿಂದ ಮೂರು ಅಡಿ. ಎಲೆಗಳು ಗೆಣ್ಣಿಗೆ ಸಾಮಾನ್ಯವಾಗಿ ಮೂರರಂತೆ ಇರುವುವು. ಹೂವು ನಸುಗೆಂಪು ಬೆರೆತ ಬಿಳುಪು. ಹಣ್ಣು ಮಾಗಿದಾಗ ಕಪ್ಪಾಗುವುದು. ಗಿಡಕ್ಕೆ ಬೆಲೆ ಬಂದಿರುವುದು ಬೇರಿನಿಂದ. ಬೇರಿಗೆ ಬೆಲೆ ಬಂದಿರುವುದು ಅದರೊಳಗಿನ ಕೆಲವು ಕಹಿ ಪದಾರ್ಥಗಳಿಂದ. ಆ ಪದಾರ್ಥಗಳು ಬೇರಿನ ಯಾವ ಭಾಗದಲ್ಲಿ, ಯಾವ ಕಾಲದಲ್ಲಿ ಹೆಚ್ಚಾಗಿರುವುವೆಂಬುದನ್ನು ಅರಿಯದೆ ಅಗೆಯುವವನಿಗೆ ಗಿಡವೂ ಉಳಿಯದು, ಹಣವೂ ದಕ್ಕದು.

ಇಂತಹ ಪದಾರ್ಥಗಳನ್ನು ರಸಾಯನಶಾಸ್ತ್ರಜ್ಞರು ಕ್ಷಾರಾಭಗಳೆಂದು ಕರೆಯುವರು. ಹೊಗೆಸೊಪ್ಪಿನ ನಿಕೋಟಿನ್, ಸಿಂಕೋನಾ ತೊಗಟೆಯ ಕ್ವಿನೈನ್, ಕಾಫಿ ಬೀಜದ ಕೆಫೀನ್ ಇವೆಲ್ಲವೂ ಇದೇ ವರ್ಗದವು. ಅತ್ಯಲ್ಪ ಪ್ರಮಾಣದಲ್ಲಿಯೇ ಇವು ದೇಹದ ಮೇಲೆ ಬಲವಾಗಿ ಕೆಲಸಮಾಡುವುವು. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ತಮ್ಮ ಸಹೋದ್ಯೋಗಿಯೊಡನೆ ಸರ್ಪಗಂಧದಿಂದ ಹಲವು ಕ್ಷಾರಾಭಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಗುಣಕಾರಿಯೆಂದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ವರದಿ ಹೊರಬಿದ್ದಮೇಲೆ ಪರದೇಶಗಳ ಕಣ್ಣೂ ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ರಿಸರ್ಪಿನ್ ಎಂಬ ಮುಖ್ಯ ಸತ್ವವು ಬೇರ್ಪಟ್ಟಿತು. ಅಲ್ಲಿಂದ ಮುಂದೆ ಕಾಡುಗಳಲ್ಲಿ ಗುದ್ದಲಿಗೆ ಬಿಡುವಿಲ್ಲದಂತಾಯಿತು. 1990ರಿಂದ ಈ ಗಿಡದ ಅಂತರರಾಷ್ಟ್ರೀಯ ವ್ಯಾಪಾರವು ಕಟ್ಟುಪಾಡಿಗೆ ಒಳಪಟ್ಟಿರುತ್ತದೆ.

ಒಣಬೇರಿನ ನೂರು ತೂಕದಲ್ಲಿ ಕ್ಷಾರಾಭಗಳೆಲ್ಲ ಸೇರಿ ಸುಮಾರು ಒಂದೂವರೆಯಿಂದ ಮೂರು ತೂಕ ಮಾತ್ರ; ರಿಸರ್ಪಿನ್ನಂತೂ ಅದರಲ್ಲಿ ಅತ್ಯಲ್ಪ ಭಾಗ. ಇವುಗಳ ಬಹುಭಾಗವು ಬೇರಿನ ತೊಗಟೆಯಲ್ಲಿರುವುದೇ ಹೊರತು ಒಳಗಿನ ಕಟ್ಟಿಗೆಯಲ್ಲಲ್ಲ. ಆದುದರಿಂದ ಮಣ್ಣು ಹೋಗಲೆಂದು ಬೇರನ್ನು ಕಲ್ಲಿಗೆ ಉಜ್ಜುವುದೂ ಕತ್ತಿಯಿಂದ ಹೆರೆಯುವುದೂ ಶುದ್ಧ ನಷ್ಟ. ತೊಗಟೆ ಸುಲಿದ ಬೇರು ನೋಟಕ್ಕೆ ಚೊಕ್ಕಟ, ಔಷಧಕ್ಕೆ ಬರಿಯ ಸೌದೆ.

ಎರಡರಿಂದ ಮೂರು ವರ್ಷ ಬಲಿತ ಗಿಡದ ಬೇರೇ ಉತ್ತಮ. ಚಳಿಗಾಲದಲ್ಲಿ ಎಲೆ ಉದುರಿದಾಗ, ಅಂದರೆ ಡಿಸೆಂಬರ್ ತಿಂಗಳ ಸುಮಾರಿಗೆ, ತೆಗೆದ ಬೇರಿನಲ್ಲಿ ಮಳೆಗಾಲದ ಬೇರಿಗಿಂತ ಸತ್ವವು ಅಧಿಕ. ಹಿಂದಿನ ದಿನ ತೆಳುವಾಗಿ ನೀರು ಹಾಯಿಸಿ ಅಗೆದರೆ ಎಳೆಬೇರುಗಳೂ ತುಂಡಾಗದೆ ಬರುವುವು. ನೆರಳಿನಲ್ಲಿ ಗಾಳಿಯಾಡುವಂತೆ ಹರವಿ, ಬಗ್ಗಿಸಿದರೆ ಪಟ್ಟನೆ ಮುರಿಯುವವರೆಗೂ ಒಣಗಿಸತಕ್ಕದ್ದು. ಹಸಿಯಾಗಿ ಮೂಟೆ ಕಟ್ಟಿದ ಬೇರು ಬೂಷ್ಟು ಹಿಡಿಯುವುದು.

ಇನ್ನೊಂದು ಎಚ್ಚರಿಕೆಯುಂಟು. ಅಮೆರಿಕದಿಂದ ಬಂದು ಬಯಲುಸೀಮೆಯ ಬೇಲಿಗಳಲ್ಲಿ ಹಬ್ಬಿರುವ ಇದೇ ಜಾತಿಯ ಬೇರೊಂದು ಗಿಡದ ಬೇರನ್ನು ಕೆಲವರು ಕಲಬೆರಕೆ ಮಾಡುವರು. ಅದರ ಗೆಣ್ಣಿನಲ್ಲಿ ನಾಲ್ಕು ಎಲೆಗಳಿದ್ದು, ಅವು ಒಂದಕ್ಕೊಂದು ಗಾತ್ರದಲ್ಲಿ ಸರಿಯಿರುವುದಿಲ್ಲ. ಹೀಗೆ ಬೆರೆಸಿದ ಸರಕು ಪರೀಕ್ಷೆಯಲ್ಲಿ ತಿರಸ್ಕೃತವಾದರೆ ಊರಿನ ಇಡೀ ಸರಕಿಗೆ ಕೆಟ್ಟ ಹೆಸರು ಬರುವುದು.

ಬೇರಿನ ಪುಡಿಯನ್ನು ಮನೆಯಲ್ಲಿಯೇ ಅಳೆದು ಕುಡಿಯುವ ರೂಢಿಯು ಅಪಾಯಕರ. ಒಂದೇ ಗಾತ್ರದ ಎರಡು ಬೇರುಗಳಲ್ಲಿ ಸತ್ವವು ಒಂದೇ ಸಮನಾಗಿರಬೇಕೆಂದಿಲ್ಲ. ಕಣ್ಣಳತೆಗೆ ಅದು ಸಿಕ್ಕದು. ಅಳತೆ ಮೀರಿದರೆ ರಕ್ತದ ಒತ್ತಡವು ಕುಸಿದು ರೋಗಿಯು ತಲೆಸುತ್ತಿ ಬೀಳುವನು. ಬಹುದಿನ ಸೇವಿಸಿದವರಿಗೆ ಮನಸ್ಸು ತೀರ ಕುಗ್ಗಿ ಪ್ರಾಣ ಕಳೆದುಕೊಳ್ಳುವ ಯೋಚನೆ ಹುಟ್ಟುವುದೂ ಉಂಟು. ಗರ್ಭಿಣಿಯರಿಗೂ ಹೊಟ್ಟೆಯ ಹುಣ್ಣಿನವರಿಗೂ ಇದು ಸಲ್ಲದು.

ಬೇರು ಕಿತ್ತರೆ ಗಿಡವೇ ಹೋಯಿತು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಡಿನಲ್ಲಿ ಅಗೆಯುವವರನ್ನು ಗ್ರಾಮದ ಯಜಮಾನರು ತಡೆದು, ಸ್ವಂತ ಹಿಡುವಳಿಯಲ್ಲಿ ಬೆಳೆಯುವಂತೆ ಹೇಳತಕ್ಕದ್ದು. ಬೀಜವು ಮೊಳೆಯುವುದು ಕಡಮೆ. ರಾತ್ರಿ ನೀರಿನಲ್ಲಿ ನೆನೆಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದುದನ್ನು ಮಾತ್ರ ಮೇ ಅಥವಾ ಜೂನ್ ತಿಂಗಳಲ್ಲಿ ನೆರಳಿನ ಒಟ್ಟಲುಪಾತಿಗೆ ಹಾಕತಕ್ಕದ್ದು.